ತೆರೆದ ಕಾರ್ಡು

"ಒಂದ ಒಂದ ಅಂಕಿ ಹೇಳ್ರಿ ಅಕ್ಕಾರ, ಎದ್ದ ಹೋಗ್ತೀನಿ," ಎಂದು ಗೌರಾಬಾಯಿ ಕಟ್ಟೆಯ ಮೇಲೆ ಕೂತುಬಿಟ್ಟಳು. ಗಂಡ ಭರಮು ಆಡಿದ ಮಟ್ಕಾ ಜೂಜಿನಲ್ಲಿ ಎಮ್ಮೆ ಹೋಗಿತ್ತು. ಅದನ್ನು ಮರಳಿ ತರಲು ಅವಳಿಗೆ ಇನ್ನೊಂದು ಅಂಕಿ ಬೇಕಿತ್ತು.

"ನನಗ ಮಟ್ಕಾ ಗೊತ್ತಿಲ್ಲ ಗೌರಾ. ನಾ ಬರಿಯೂದು ಲೆಕ್ಕ," ಎಂದಳು ತಾರಾಬಾಯಿ.

"ಮತ್ತ ಒಂಬತ್ತ ಹೆಂಗ ಹೇಳಿದ್ರಿ?"

ಹೇಳಿದ್ದಲ್ಲ, ಬರೆದದ್ದು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಐದು ಮಂದಿ, ಒಬ್ಬರ ಮುಖ ಒಬ್ಬರು ಕಂಡವರಲ್ಲ, ಹದಿನೈದು ಪೈಸೆಯ ಕಾರ್ಡಿನಲ್ಲಿ ಸ್ವಾರಸ್ಯದ ಲೆಕ್ಕಗಳನ್ನು ಕಳಿಸಿಕೊಳ್ಳುತ್ತಿದ್ದರು. ಕರೋಶಿಯ ಆಚೆಗಿನ ಈ ಊರಿನಿಂದ ತಾರಾಬಾಯಿ ಆರನೆಯವಳು. ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ತೊಂಬತ್ತೆಂಟು ತೆಗೆದವಳಿಗೆ ಮರುತಿಂಗಳೇ ಅಕ್ಕಿಕಾಳು ಹಾಕಿ ಮದುವೆ ಮುಗಿಸಿದ್ದರು. ಹನ್ನೆರಡು ವರ್ಷ ರೊಟ್ಟಿ ಬಡಿದ ಮೇಲೆ ಬಂದ ಈ ಕಾರ್ಡುಗಳೇ ಅವಳಿಗೆ ತವರುಮನೆಯಾಗಿದ್ದವು.

ಅಥಣಿಯಲ್ಲಿ ಗಡಿಯಾರ ರಿಪೇರಿ ಮಾಡುವ ಜ್ಞಾನದೇವ ಒಮ್ಮೆ ಕೇಳಿದ್ದ: ಎರಡಂಕಿಯ ಯಾವ ಸಂಖ್ಯೆ, ತನ್ನ ಅಂಕಿಗಳನ್ನು ಕೂಡಿಸಿದ್ದಕ್ಕೆ ಅವನ್ನೇ ಗುಣಿಸಿದ್ದನ್ನು ಸೇರಿಸಿದಷ್ಟು ಇರುತ್ತದೆ? ತಾರಾಬಾಯಿ ಹಿಟ್ಟು ನಾದುತ್ತಲೇ ಬಿಡಿಸಿ ಬರೆದಳು: "ಕೊನೆಗೆ ಒಂಬತ್ತಿದ್ದರೆ ಸಾಕು. ಮುಂದೆ ಯಾವುದಾದರೂ ಬರಲಿ." ಆ ದಿನ ಅವಳಿಗಾದ ಖುಷಿ ಹೇಳತೀರದು.

ಕಾರ್ಡಿಗೆ ಮುಚ್ಚಳವೆಲ್ಲಿದೆ? ಪೋಸ್ಟ್‌ಮನ್ ಮಾಯಪ್ಪ ಅದನ್ನು ಚಹಾದಂಗಡಿಯಲ್ಲಿ ಓದಿದ. ಅಂದೇ ಮಟ್ಕಾದ ಓಪನ್ನಿಗೆ, ಅಂದರೆ ದಿನದ ಮೊದಲ ಅಂಕಿಗೆ, ಒಂಬತ್ತು ಬಂತು. ಕಾಗೆ ಕೂಡುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು. ಅಲ್ಲಿಂದ ಮುಂದೆ ಅವಳಿಗೆ ಬರುವ ಕಾರ್ಡುಗಳೂ ಊರೆಲ್ಲ ತಿರುಗಿ, ಚಹಾದ ಕಲೆ ಹತ್ತಿಸಿಕೊಂಡು ಮನೆಗೆ ಬಂದವು. ಅವಳು ಅಂಕಿ ಬಿಟ್ಟು ಬರೀ ಮಾತಿನಲ್ಲಿ ಬರೆದು ನೋಡಿದಳು. ಜಾಣರು ಅಕ್ಷರ ಎಣಿಸಿದರು. ಭರಮುವಿನ ಎಮ್ಮೆ ಹೋದದ್ದು ಆ ಅಕ್ಷರಗಳ ಮೇಲೆಯೇ.

ಲಕೋಟೆ ತಂದುಕೊಡಿ ಎಂದು ಗಂಡನನ್ನು ಕೇಳಿದ್ದೂ ಆಯಿತು. ಭಾವುಸಾಹೇಬ ಕೆಟ್ಟವನಲ್ಲ.

"ಪರಗಂಡಸರಿಗೆ ಮುಚ್ಚಿದ ಲಕೋಟಿ ಬರೀತಿಯೇನ? ತೆರೆದಿದ್ರ ಮಂದಿ ಅಂಕಿ ಅಂತಾರ. ಮುಚ್ಚಿದ್ರ ಏನಂತಾರ, ನೀನ ಹೇಳು," ಎಂದಿದ್ದ.

ಈಗ ಗೌರಾಬಾಯಿ ಕಟ್ಟೆಯಿಂದ ಏಳಲಿಲ್ಲ. ಮೊಲೆಗೂಸು ಸೆರಗಿನೊಳಗೆ ಅಳುತ್ತಿತ್ತು. ತಾರಾಬಾಯಿ ಒಳಗಿನಿಂದ ಒಂದು ಗಡಿಗೆ ಹಾಲು ತಂದು ಅವಳ ಮುಂದಿಟ್ಟಳು. ಹೋದ ಎಮ್ಮೆಗೆ ಅದು ಸಾಲದು ಎಂದು ಇಬ್ಬರಿಗೂ ಗೊತ್ತಿತ್ತು. ಮತ್ತೆ ಒಳಗೆ ಹೋಗಿ ಜ್ಞಾನದೇವನಿಗೆ ಬರೆದಳು: "ಇನ್ನು ನನಗೆ ಲೆಕ್ಕ ಕಳಿಸಬೇಡಿರಿ. ಉಳಿದವರಿಗೂ ತಿಳಿಸಿರಿ." ಅಂಕಿ ಕಾಣಬಾರದೆಂದು ತಾರೀಖನ್ನೂ ಹಾಕಲಿಲ್ಲ.

ಟಪಾಲು ಒಯ್ಯಲು ಬಂದ ಮಾಯಪ್ಪ ಕಾರ್ಡನ್ನು ನಿಂತಲ್ಲೇ ಓದಿದ.

"ಇದರಾಗ ಏನೂ ಇಲ್ಲಲ್ರಿ ಅಕ್ಕಾರ."

"ಇನ್ನ ಇರೂದೂ ಇಲ್ಲ."

ಅವನು ಸೈಕಲ್ಲು ಹತ್ತಿದ. ಗೌರಾಬಾಯಿ ಹಾಲು ಅಲ್ಲೇ ಬಿಟ್ಟು, ಕೂಸನ್ನು ಎತ್ತಿಕೊಂಡು ಅವನ ಹಿಂದೆ ಓಡಿದಳು. ತಾರಾಬಾಯಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಬೇವಿನ ಮರದ ಹತ್ತಿರ ಮಾಯಪ್ಪ ಸೈಕಲ್ಲು ನಿಲ್ಲಿಸಿ ಕಾರ್ಡು ಹೊರತೆಗೆದ. ಹಿಂದೆ ಮುಂದೆ ತಿರುಗಿಸಿ, ವಿಳಾಸದ ಕೆಳಗೆ ಅಥಣಿಯ ಪಿನ್‌ಕೋಡಿನ ಮೇಲೆ ಬೆರಳಿಟ್ಟ. ಗೌರಾಬಾಯಿ ಕೂಸನ್ನು ಇನ್ನೊಂದು ಬಗಲಿಗೆ ಹಾಕಿಕೊಂಡು ಅಂಗೈ ಚಾಚಿದಳು. ಮಾಯಪ್ಪ ಕಿಸೆಯಿಂದ ಪೆನ್ನು ತೆಗೆದು ಆ ಅಂಗೈಯ ಮೇಲೆ ಅಂಕಿ ಬರೆದ.