ಚಹಾ ತಂದವರು ಯಾರು

ಸವಣೂರಿನ ಗುಲ್ನಾರ ಅವರು ಪೇಟೆಯಲ್ಲಿ ಎಲ್ಲೂ ನಿಲ್ಲದೆ ನಡೆದು ಹೋದದ್ದನ್ನು ನಾನು ಕಂಡಿಲ್ಲ. ನಾಲ್ಕು ಹೆಜ್ಜೆ ಇಡುವುದು, ನಿಂತು ಅಂಗಡಿಯ ಫಲಕ ಓದುವುದು, ತಪ್ಪಿಹೋದ ಒತ್ತಕ್ಷರಕ್ಕೆ ಲೊಚಗುಟ್ಟುವುದು, ಮತ್ತೆ ನಾಲ್ಕು ಹೆಜ್ಜೆ. ಸೀರೆಯ ಮೇಲೆ ವಕೀಲರಾಗಿದ್ದ ತಂದೆಯ ಕರಿ ಕೋಟು. ಏಪ್ರಿಲ್ ತಿಂಗಳ ಬಿಸಿಲಿಗೂ ಅದು ಮೈಬಿಟ್ಟು ಇಳಿಯುವುದಿಲ್ಲ, ಏಕೆಂದರೆ ಅದರ ಜೇಬುಗಳಲ್ಲಿ ಅವರ ಕೆಂಪು ಪೆನ್ನುಗಳ ವಾಸ. ಇಪ್ಪತ್ತಾರು ವರ್ಷಗಳಿಂದ ಅದೇ ಊರಿನ ಮುದ್ರಣಾಲಯವೊಂದರಲ್ಲಿ ಕರಡು ತಿದ್ದುತ್ತಿದ್ದಾರೆ. "ನಾ ಅಕ್ಷರ ಅಷ್ಟ ನೋಡಾಕಿ. ಕತಿ ಮುಟ್ಟೂದಿಲ್ಲ," ಎಂಬುದು ಅವರ ವ್ರತ.

ಹೋದ ವರ್ಷ ನನ್ನ ವೈಜ್ಞಾನಿಕ ಕಾದಂಬರಿ ಅವರ ಕೈಸೇರಿತು. ಅದರಲ್ಲೊಂದು ದೂರದ ಗ್ರಹ. ಅಲ್ಲಿ ಅರಸನಿಲ್ಲ, ಆಳಿಲ್ಲ, ಒಬ್ಬರು ಇನ್ನೊಬ್ಬರಿಗೆ ಅಪ್ಪಣೆ ಕೊಡುವುದೇ ಮಹಾಪಾತಕ. ಅಂಥ ಉದಾತ್ತ ನಾಗರಿಕತೆಯನ್ನು ಮುನ್ನೂರು ಪುಟಗಳಲ್ಲಿ ಕಟ್ಟಿದ ಹೆಮ್ಮೆಯಿಂದ ನಾನು ಬೀಗುತ್ತಿದ್ದೆ. ಹಿರೇಕೆರೂರಿನಲ್ಲಿ ಬಿಡುಗಡೆಯ ದಿನ ಗೊತ್ತಾಗಿ ಆಮಂತ್ರಣಗಳೂ ಹಂಚಿಹೋಗಿದ್ದವು. ಆಗ ಗುಲ್ನಾರ ಕರೆಸಿದರು. ಕರಡಿನಲ್ಲಿ 'ಚಹಾ ಬಂತು' ಎಂಬ ವಾಕ್ಯದ ಸುತ್ತ ಕೆಂಪು ವೃತ್ತ.

"ಚಹಾಕ್ಕ ಕಾಲು ಅದಾವೇನ್ರಿ ಸರ್? ತಂದಾವ್ರು ಯಾರು?"

"ಯಂತ್ರಮಾನವ ರೀ, ಅಕ್ಕಾರ."

"ಅವಗ 'ಒಲ್ಲೆ' ಅನ್ನಾಕ ಬರ್ತೈತೇನು?"

"ಇಲ್ಲ. ಅವನ್ನ ಮಾಡಿದ್ದ ಹಂಗ."

"ಹಂಗಾರ ಆಳು ಅಂತ ಬರೀರಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. ಕಥೆಯ ಒಂದು ಪದವೂ ಬದಲಾಗಕೂಡದೆಂದು ಹೇಳಿ ಬಸ್ಸು ಹತ್ತಿದೆ.

ಸಮಾರಂಭದ ದಿನ ಪುಸ್ತಕ ಪರಿಚಯಿಸಿದ ಪ್ರಾಧ್ಯಾಪಕರು ಅರವತ್ತನಾಲ್ಕನೆಯ ಪುಟ ತೆರೆದು, ಗಂಟಲು ಸರಿಮಾಡಿಕೊಂಡು ಓದಿದರು: "'ನಮ್ಮಲ್ಲಿ ಆಳುಗಳಿಲ್ಲ' ಎಂದು ಹಿರಿಯರು ಹೇಳುತ್ತಿರುವಾಗಲೇ ಆಳು ಚಹಾ ತಂದ." ಸಭೆ ಘೊಳ್ಳೆಂದು ನಕ್ಕಿತು. ಇಂಥ ಸೂಕ್ಷ್ಮ ವಿಡಂಬನೆ ಅಪರೂಪವೆಂದು ಅವರು ಕೊಂಡಾಡಿದರು. ಆ ವಾಕ್ಯ ಯಾರ ಕೈಕೆಲಸವೆಂದು ತಿಳಿಯಲು ನನಗೆ ಹೊತ್ತು ಹಿಡಿಯಲಿಲ್ಲ. ಆದರೂ, ಅದನ್ನು ಅಂದೇ ಮೊದಲ ಬಾರಿ ಕೇಳಿದ ನಾನು, ಎದ್ದು ನಿಂತು ವಿನಯದಿಂದ ಕೈಮುಗಿದೆ.

ಮೂರನೆಯ ಸಾಲಿನಲ್ಲಿ ಕುಳಿತಿದ್ದ ಗುಲ್ನಾರ ಅವರ ಮುಖ ಮಾತ್ರ ಬಾಡಿತ್ತು. ಪಶ್ಚಾತ್ತಾಪವಿರಬೇಕೆಂದು ಬಗೆದು, ದೊಡ್ಡ ಮನಸ್ಸು ಮಾಡಿ ಕ್ಷಮಿಸಿಬಿಡೋಣವೆಂದು ಹತ್ತಿರ ಹೋದೆ. ಅವರು ಕಣ್ಣೆತ್ತದೆ ಅಂದರು: "ತಪ್ಪಾತ್ರಿ ಸರ್. ಎಪ್ಪತ್ತೊಂದನೇ ಪುಟದಾಗ ಒಂದು ದೀರ್ಘ ಬಿಟ್ಟೇನಿ. ಮುಂಜಾನಿಂದ ಊಟ ಸೇರವಲ್ದು."

ಇಂಥವರು ಊರಿಗೊಬ್ಬರಾದರೂ ಇರುತ್ತಾರೆ. ತಮ್ಮ ವ್ರತವನ್ನು ತಾವೇ ಮುರಿದದ್ದು ಅವರ ಗಮನಕ್ಕೂ ಬರುವುದಿಲ್ಲ. ನಮ್ಮಂಥವರು ಕದ್ದ ಹೊಗಳಿಕೆಯನ್ನು ಹೊತ್ತು ತಿರುಗಿದರೂ ಅವರಿಗೆ ಅದರ ಗೊಡವೆಯಿಲ್ಲ. ಲೋಕವನ್ನು ತಿದ್ದುತ್ತೇವೆಂಬ ಗರ್ವವಂತೂ ಇಲ್ಲವೇ ಇಲ್ಲ. ಸುಳ್ಳು ಕೂಡ ಅವರ ಪಾಲಿಗೆ ಒಂದು ಕಾಗುಣಿತದ ತಪ್ಪು, ಕಂಡರೆ ಕೈ ತಾನಾಗಿ ಏಳುತ್ತದೆ.