ಡಬ್ಬಿ ಒಂದೋ ಎರಡೋ

ಬಿಳಿ, ಎಷ್ಟೊಂದು ಬಿಳಿ, ತಗಡಿನ ಬಣ್ಣದ ಡಬ್ಬಿಯ ಮುಚ್ಚಳ ತೆರೆದರೆ ಉಂಡು ತೊಳೆದಿಟ್ಟ ತಟ್ಟೆಯ ಹಾಗೆ ಫಳಫಳ, ಅಂಚಿಗೆ ಬಣ್ಣದ ಬಿಲ್ಲೆಗಳ ಸಾಲು, ಇದರಲ್ಲಿ ಬಣ್ಣ ಕಲಸಿ ಗಲೀಜು ಮಾಡಲು ಮನಸ್ಸಾದರೂ ಬಂದೀತೇ, ಪಕ್ಕದಲ್ಲಿಟ್ಟ ಆ ಪ್ಲಾಸ್ಟಿಕ್ಕಿನದೇ ಆಗಲಿ ಎಂದುಕೊಂಡಳು, ಹಗುರ, ಕೈಚೀಲದಲ್ಲಿ ಇದ್ದದ್ದೇ ಗೊತ್ತಾಗದು, ಆದರೆ ಪ್ಲಾಸ್ಟಿಕ್ಕಿನ ಮೇಲೆ ನೀರು ಹರಡದೆ ಮಣಿಮಣಿಯಾಗಿ ಕೂರುತ್ತದೆ ಎಂದು ಅಕ್ಕ ಬೈಯುತ್ತಿದ್ದಳು — ಬೈಯುತ್ತಿದ್ದಳು ಎಂದೇಕೆ, ಈಗಲೂ ಬೈಯುತ್ತಾಳೆ, ಬಾಯಿಗೇನೂ ಆಗಿಲ್ಲ, ಬಲಗೈ, ಬಲಗಾಲು ಮಾತ್ರ. ಅಂಗಡಿಯವನು ಮತ್ತೆ ಕೇಳುತ್ತಿದ್ದಾನೆ, ಒಂದು ಕೊಡ್ಲಾ ಮೇಡಂ, ಎರಡು ಕೊಡ್ಲಾ, ಅವಳು ಡಬ್ಬಿಯ ಮುಚ್ಚಳ ತೆರೆದಳು, ಮುಚ್ಚಿದಳು, ತರಗತಿಯಲ್ಲಿ ಎಂಥೆಂಥ ಬೀಜಗಣಿತ ಬಿಡಿಸುವ ಗಣಿತದ ಟೀಚರು ಒಂದು ಮತ್ತು ಎರಡರ ನಡುವೆ ಮೀನಮೇಷ ಎಣಿಸುತ್ತಿದ್ದಾಳೆ, ಮಕ್ಕಳು ನೋಡಿದ್ದರೆ ಬಿದ್ದು ಬಿದ್ದು ನಗುತ್ತಿದ್ದವು. ಎರಡು ಕೊಂಡರೆ ಅಕ್ಕನನ್ನು ಅಣಕಿಸಿದಂತೆ, ಒಂದೇ ಕೊಂಡರೆ ನಿನ್ನ ಕಥೆ ಮುಗೀತು ಅಂದಂತೆ. ನಾಳಿದ್ದು ರೈಲು, ಕಡಲ ದಂಡೆಯ ಆ ಊರಿಗೇ, ಪ್ರತಿ ರಜೆಗೂ ಇಬ್ಬರೂ ಒಂದೇ ಬಂಡೆಯ ಮೇಲೆ ಬೆನ್ನಿಗೆ ಬೆನ್ನು ಕೊಟ್ಟು ಕೂರುವುದು, ಅಕ್ಕ ನೀರಿನ ಕಡೆ, ಅವಳು ಮನೆಗಳ ಕಡೆ, ಅಕ್ಕನ ಕಾಗದದಲ್ಲಿ ಅಲೆ ಅಲುಗುತ್ತಿತ್ತು, ಅವಳದರಲ್ಲಿ ಬರೀ ಚೌಕ, ತ್ರಿಕೋನ, ನಿನ್ನ ಮನೆಗಳಿಗೆ ಬಾಗಿಲೇನೋ ಇದೆ ಕಣೇ, ಒಳಗೆ ಹೋಗೋಕೆ ಮನಸ್ಸಾಗಲ್ಲ ಅಷ್ಟೇ, ಅನ್ನುತ್ತಿದ್ದಳು ಅಕ್ಕ. ಆಮೇಲೆ ಚಳಿಗಾಲದ ಆ ಬೆಳಗ್ಗೆ ಕೈಯಿಂದ ಲೋಟ ಜಾರುತ್ತದೆ, ಅಕ್ಕ ತನ್ನ ಕೈಯನ್ನೇ ನೋಡುತ್ತ ಕೂರುತ್ತಾಳೆ, ಯಾರೋ ಮರೆತು ಬಿಟ್ಟುಹೋದ ಸಾಮಾನನ್ನು ನೋಡುವ ಹಾಗೆ, ಪಾರ್ಶ್ವವಾಯು ಎಂದರು ಡಾಕ್ಟರು. ಊರಿಗೆ ಬರ್ತೀಯಾ ಎಂದರೆ ಬರ್ತೀನಿ, ಚಿತ್ರ ಬರೀತೀಯಾ ಎಂದರೆ ನೋಡೋಣ, ಅಡ್ಡಗೋಡೆಯ ಮೇಲೆ ದೀಪ. ಡಬ್ಬಿಯ ಬೆನ್ನಿಗೊಂದು ಉಂಗುರ, ಎಡಗೈ ಹೆಬ್ಬೆರಳು ಇದಕ್ಕೆ ಸಿಕ್ಕಿಸಿ, ಬಲಗೈಲಿ ಬ್ರಷ್ಷು, ನಿಂತ್ಕೊಂಡೇ ಬರೀಬಹುದು ಮೇಡಂ ಎನ್ನುತ್ತಾನೆ ಅಂಗಡಿಯವನು, ಹೌದಪ್ಪ, ಎರಡು ಕೈ ಇರುವವರಿಗೇ ಮಾಡಿದ್ದು ಎಲ್ಲವೂ, ತಲೆಯೊಳಗೆ ಜೇನುಗೂಡಿಗೆ ಕಲ್ಲು ಬಿದ್ದಂತಾಗಿದೆ, ಒಂದ್ನಿಮಿಷ, ನಮ್ಮಕ್ಕ ಹೊರಗೆ ಕಾರಲ್ಲಿದ್ದಾರೆ, ಮೆಟ್ಟಿಲು ಹತ್ತೋಕಾಗಲ್ಲ, ತೋರಿಸ್ಕೊಂಡು ಬರ್ತೀನಿ. ಬಿಸಿಲು, ಕಣ್ಣು ಕತ್ತಲೆ, ಏನೇ, ಅಂಗಡಿ ಪೂರ್ತಿ ಕೊಂಡ್ಕೊಂಡ್ಯಾ, ಇಲ್ಲ ಅಕ್ಕಾ, ಇದು ತಗಡಿಂದು, ಇದು ಪ್ಲಾಸ್ಟಿಕ್, ಯಾವುದು ಅಂತ, ಎಷ್ಟು ಅಂತ — ಎಷ್ಟು ಎಂಬ ಮಾತು ಹೇಗೆ ಹೊರಬಿತ್ತೋ, ಅಕ್ಕನ ಹುಬ್ಬು ಮೇಲೇರಿತು, ಇನ್ನು ಅಳುತ್ತಾಳೆ, ಇಲ್ಲ ಬೈಯುತ್ತಾಳೆ, ಎರಡೂ ಇಲ್ಲ, ಎಡಗೈಯಿಂದ ತಗಡಿನ ಡಬ್ಬಿ ಕಿತ್ತುಕೊಂಡಳು, ಹಲ್ಲಿನಿಂದ ಮುಚ್ಚಳ ಎಬ್ಬಿಸಿದಳು, ಬೆರಳಿಗೆ ಎಂಜಲು ಹಚ್ಚಿ ನೀಲಿ ಬಿಲ್ಲೆಗೆ ತಿಕ್ಕಿದಳು, ಅಯ್ಯೋ ಅಕ್ಕಾ, ಇನ್ನೂ ಕೊಂಡಿಲ್ಲ ಕಣೇ ಅದನ್ನ, ಈಗ ಕೊಂಡ ಹಾಗಾಯ್ತಲ್ಲ ಬಿಡು, ಮಡಿಲಲ್ಲಿ ಮಲಗಿದ್ದ ಬಲಗೈಯ ಮೇಲೆ, ಮಣಿಕಟ್ಟಿನಿಂದ ಗೆಣ್ಣಿನವರೆಗೆ, ನಿಧಾನವಾಗಿ ಒಂದು ಗೆರೆ. ಕಡಲು, ಎಂದಳು, ವಕ್ರ ಆಯ್ತು, ಅಭ್ಯಾಸ ಆಗ್ಬೇಕು, ಎರಡು ತಗೋ, ನನ್ನ ನೀಲಿಗೆ ನೀನು ಬ್ರಷ್ ಅದ್ದೋದು ನಂಗಾಗಲ್ಲ. ಒಳಗೆ ಹೋಗಬೇಕು, ಅಂಗಡಿಯವನು ಬಾಗಿಲಿಗೆ ಬಂದು ನಿಂತಿದ್ದಾನೆ, ಹಿಂದಿನಿಂದ ಯಾರೋ ಹಾರ್ನ್ ಒತ್ತುತ್ತಿದ್ದಾರೆ, ಹೋಗಬೇಕು, ಆದರೆ ಆ ಗೆರೆ, ನರದ ಉಬ್ಬು ಏರಿ ಇಳಿದ ನೀಲಿ ಗೆರೆ, ತನ್ನ ಮೇಲೇನು ಬಿದ್ದಿದೆ ಎಂದೂ ಅರಿಯದ ಕೈ, ಅದರ ಮೇಲೆ ನೀಲಿ ಗೆರೆ, ಇನ್ನೂ ಒದ್ದೆ, ನೀಲಿ —