ಸಂಚೋ ಪಾಳಿ

ಮೊದಲು ನೋಡಿದವಳು ಪೂರ್ವಿ. "ಮಮ್ಮೀ, ಪಾಣೀ ನೀಕಳೇ ಛೇ! ನೀರು... ನೀರು ಹೊಂಟದ!" ಎಂದು ತಾರಸಿಯ ಆ ತುದಿಯಿಂದ ಕೂಗಿದಳು. ಏಳು ವರ್ಷದ ಹುಡುಗಿಗೆ ಗಾಬರಿಯಾದರೆ ಗುಜರಾತಿಯೇ ಮೊದಲು ಬಾಯಿಗೆ ಬರುತ್ತಿತ್ತು. ಕನ್ನಡ ಅದರ ಹಿಂದೆ ಏದುಸಿರು ಬಿಡುತ್ತ ಬರುತ್ತಿತ್ತು.

ಕಮಲಾಕ್ಷಿ ತಿರುಗಿ ನೋಡಿದಳು. ಐಸ್‌ಕ್ರೀಮ್ ತಿರುಗಿಸುವ ಸಂಚೋದ ಮರದ ಬಕೀಟಿನಿಂದ ಒಂದು ಕಡೆಯಲ್ಲ, ನಾಲ್ಕಾರು ಕಡೆ ನೀರು ಇಳಿಯುತ್ತಿತ್ತು. ಹಲಗೆಗಳ ನಡುವೆ ಉಗುರು ತೂರುವಷ್ಟು ಸಂದು ಬಿಟ್ಟಿತ್ತು. ಎದುರುಮನೆಯ ನಿತಿನ್‌ಭಾಯ್ ಸ್ಕೂಟರಿನ ಮೇಲೆ ಗೋಣಿಚೀಲದಲ್ಲಿ ತಂದು, ಬೆವರು ಸುರಿಸಿ ಕುಟ್ಟಿ, ಹರಳುಪ್ಪು ಬೆರೆಸಿ ತುಂಬಿದ್ದ ಐಸು ನೀರಾಗಿ ಉಪ್ಪನ್ನೂ ಕರೆದುಕೊಂಡು ತಾರಸಿಯ ಮೋರಿ ಸೇರುತ್ತಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಹಾಗಾಯಿತು. ಇವತ್ತೇ ಆಗಬೇಕಿತ್ತೇ ಇದು?

ಇವತ್ತು ಅವಳ ಪಾಳಿ. ವಡೋದರಾದ ಮಾಂಜಲ್‌ಪುರದ ಆ ಕಟ್ಟಡದಲ್ಲಿ ಆರು ಮನೆ. ಆರೂ ಮನೆಯವರು ಸೇರಿ ಎಂದೋ ಕೊಂಡಿದ್ದ ಸಂಚೋ ಅದು. ನಡುವೆ ಹಾಲಿನ ತಗಡಿನ ಡಬ್ಬಿ, ಅದರೊಳಗೆ ಕಡಗೋಲಿನಂಥದ್ದು, ಸುತ್ತ ಐಸು ತುಂಬಲು ಮರದ ಬಕೀಟು, ಪಕ್ಕಕ್ಕೊಂದು ತಿರುಗಿಸುವ ಹಿಡಿಕೆ. ಅಂಗಡಿಯಲ್ಲಿ ಐವತ್ತು ತರಹದ ಐಸ್‌ಕ್ರೀಮ್ ಸಿಕ್ಕರೂ ಈ ಜನಕ್ಕೆ ಮೇ ತಿಂಗಳ ಒಂದು ಭಾನುವಾರ ತಾವೇ ತಿರುಗಿಸಿ ತಿಂದರೇ ಬೇಸಿಗೆ ಬಂದ ಹಾಗೆ. ಪ್ರತಿ ವರ್ಷ ಒಂದು ಮನೆಯ ಪಾಳಿ. ಯಾರ ಪಾಳಿಯೋ ಅವರ ಮನೆಯ ಅಟ್ಟದಲ್ಲಿ ಸಂಚೋ ವರ್ಷವಿಡೀ ಇರಬೇಕು. ಅವರೇ ಹಾಲು ಕಾಯಿಸಬೇಕು, ಹಿಡಿಕೆಗೆ ಮೊದಲ ಕೈ ಅವರೇ ಹಚ್ಚಬೇಕು. ಆಮೇಲೆ ಆರೂ ಮನೆಯ ಮಂದಿಯೆಲ್ಲ ಸರದಿಯ ಮೇಲೆ ತಿರುಗಿಸುತ್ತಾರೆ. ಅತಿಥಿಗಳು ಮಾತ್ರ ಹಿಡಿಕೆ ಮುಟ್ಟುವಂತಿಲ್ಲ. ಅವರಿಗೆ ಪ್ಲಾಸ್ಟಿಕ್ ಕುರ್ಚಿ, ಮತ್ತು ಮೊದಲ ಬಟ್ಟಲು.

ಗದಗಿನಿಂದ ಬಂದ ಮೊದಲ ಎರಡು ವರ್ಷ ಕಮಲಾಕ್ಷಿ ಆ ಕುರ್ಚಿಯ ಮೇಲೆ ದೃಷ್ಟಿಬೊಂಬೆಯ ಹಾಗೆ ಕೂತಿದ್ದಳು. ಸುತ್ತ ಹೆಂಗಸರು ಬೆವರು ಒರೆಸಿಕೊಳ್ಳುತ್ತ, ಒಬ್ಬರನ್ನೊಬ್ಬರು ನೂಕುತ್ತ, ನಗುತ್ತ ಹಿಡಿಕೆ ತಿರುಗಿಸುತ್ತಿದ್ದರೆ ಇವಳ ಕೈಯಲ್ಲಿ ಬಟ್ಟಲು. ಎಷ್ಟು ಮರ್ಯಾದೆ, ಎಷ್ಟು ಉಪಚಾರ! ಆ ಮರ್ಯಾದೆಗೇ ರಾತ್ರಿ ಅಳು ಬಂದಿತ್ತು. ಮೂರನೆಯ ವರ್ಷ ನಿತಿನ್‌ಭಾಯ್‌ನ ಹೆಂಡತಿ ಮೀರಾಬೆನ್, "ಏ ಕಮಲಾಬೆನ್, ಸುಮ್ಮನೆ ನೋಡ್ತಾ ಕೂತಿದ್ದೀಯಲ್ಲ, ಬಾ, ಕೈ ಹಚ್ಚು" ಎಂದು ಗದರಿದಳು. ಆ ಗದರಿಕೆಯಷ್ಟು ಸಿಹಿ ಆ ದಿನದ ಐಸ್‌ಕ್ರೀಮೂ ಇರಲಿಲ್ಲ. ಹೋದ ವರ್ಷ ಸಂಚೋವನ್ನೇ ಇವಳ ಕೈಗಿತ್ತು, "ಮುಂದಿನ ಪಾಳಿ ನಿಮ್ಮದು" ಎಂದಿದ್ದರು.

ಆದರೆ ಹದಿನೈದು ದಿನದ ಹಿಂದೆ ಗಂಡ ಹನುಮಂತನಿಗೆ ವರ್ಗದ ಆರ್ಡರ್ ಬಂದಿತ್ತು. ವಿಮಾ ಕಚೇರಿಯ ಕೆಲಸ, ಹುಬ್ಬಳ್ಳಿಗೆ ಹಾಕಿದ್ದರು. ಬೇಡವೆನ್ನುವಂತೆಯೂ ಇಲ್ಲ, ಅತ್ತು ಕರೆದು ಅರ್ಜಿ ಹಾಕಿಸಿದವಳೇ ಕಮಲಾಕ್ಷಿ. ಅದು ಮೊದಲ ವರ್ಷದ ಅಳು, ಮೊದಲ ವರ್ಷದ ಅರ್ಜಿ. ಸರಕಾರಿ ಕಾಗದ ನಾಲ್ಕು ವರ್ಷ ನಿಧಾನವಾಗಿ ನಡೆದು, ಬೇಡವಾದ ಹೊತ್ತಿಗೆ ಸರಿಯಾಗಿ ಬಂದು ನಿಂತಿತು. ಉಗುಳಲೂ ಆಗದ, ನುಂಗಲೂ ಆಗದ ಬಿಸಿತುಪ್ಪ.

ಬೆಳಿಗ್ಗೆ ಕೂಡ ಹನುಮಂತ ಕೇಳಿದ್ದ. "ಇವತ್ತರೆ ಹೇಳ್ತೀಯೋ ಇಲ್ಲೋ? ಬರೋ ರವಿವಾರ ಲಾರಿ ಬರ್ತದ. ಸಾಮಾನು ಕಟ್ಟಾಕ ಹತ್ತಿದ ಮ್ಯಾಲೆ ಹೇಳಿದ್ರ ಅವರು ಏನಂದಾರು?"

"ಐಸ್‌ಕ್ರೀಮ್ ಆಗ್ಲಿ, ಆಮ್ಯಾಲೆ ಹೇಳ್ತೀನ್ರಿ. ಈಗ ಹೇಳಿದ್ರ ನನ್ನ ಮತ್ತ ಕುರ್ಚಿ ಮ್ಯಾಲೆ ಕುಂಡರಸ್ತಾರ."

"ಕುಂತ್ರ ಏನಾತು? ಆರಾಮ ಕುಂತು ತಿನ್ನು."

"ನಿಮಗ ತಿಳಿಯಂಗಿಲ್ಲ, ಬಿಡ್ರಿ." ಅವಳು ಹಾಲಿನ ಪಾತ್ರೆಯತ್ತ ಮುಖ ತಿರುಗಿಸಿಕೊಂಡಿದ್ದಳು. ಬಾಸುಂದಿ ಮಾಡಿ ಪಳಗಿದ ಕೈ. ಏಳು ಲೀಟರ್ ಹಾಲನ್ನು ತಳ ಹತ್ತದಂತೆ ಐದಕ್ಕೆ ಇಳಿಸಿ, ಏಲಕ್ಕಿ, ಕೇಸರಿ, ಒಂದಿಷ್ಟು ಜಾಜಿಕಾಯಿ ಹಾಕಿದ್ದಳು. ಹಾಲಿನಲ್ಲಿ ಯಾರೂ ತಪ್ಪು ಹುಡುಕುವಂತಿರಲಿಲ್ಲ. ತಪ್ಪು ಬಕೀಟಿನಲ್ಲಿತ್ತು.

ಕೆಳಗಿನ ಮನೆಯ ಸರಸ್ವತಿಬೆನ್ ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು. ಎಪ್ಪತ್ತರ ಹತ್ತಿರದ ಹೆಂಗಸು. ಕಟ್ಟಡಕ್ಕೆ ಯಾವ ಕಮಿಟಿ ಇದ್ದರೂ ಕೊನೆಯ ಮಾತು ಅವರದು. ಬಗ್ಗಿ ಹಲಗೆಯ ಮೇಲೆ ಬೆರಳಾಡಿಸಿ, "ಹಾಯ್ ಹಾಯ್! ಇದನ್ನ ಯಾರು ಒಣಗಿಸಿದ್ದು?" ಎಂದರು, ಎಲ್ಲರಿಗೂ ತಿಳಿಯಲೆಂದು ಹಿಂದಿ ಗುಜರಾತಿ ಕಲಸಿದ ತಮ್ಮದೇ ಭಾಷೆಯಲ್ಲಿ.

"ನಾನೇ. ಚೆನ್ನಾಗಿ ತಿಕ್ಕಿ ತೊಳೆದು ಮೂರು ದಿನ ಬಿಸಿಲಿಗೆ ಇಟ್ಟಿದ್ದೆ. ಒಂದು ಹನಿ ಪಸೆ ಇರಬಾರದು ಅಂತ..."

"ಉಪ್ಪಿನಕಾಯಿ ಹಾಕೋ ಭರಣಿ ಅಂದ್ಕೊಂಡೆಯಾ ಇದನ್ನ?"

ಹೌದು, ಹಾಗೆಯೇ ಅಂದುಕೊಂಡಿದ್ದಳು. ಗದಗಿನಲ್ಲಿ ಅವ್ವ ಕಲಿಸಿದ್ದು ಅದೇ: ವರ್ಷಕ್ಕೊಮ್ಮೆ ಇಳಿಸುವ ಪಾತ್ರೆಯನ್ನು ಬಿಸಿಲಲ್ಲಿ ಕಾಯಿಸದೆ ಮುಟ್ಟಬಾರದು. ವಡೋದರಾದ ಮೇ ಬಿಸಿಲಿಗೆ ಹಲಗೆಗಳು ಹಪ್ಪಳದಂತೆ ಒಣಗಿ ಒಂದರಿಂದೊಂದು ಸರಿದು ನಿಂತಿದ್ದವು.

"ಹಿಂದಿನ ದಿನವೇ ನೀರಲ್ಲಿ ಮುಳುಗಿಸಿ ಇಡಬೇಕು. ಮರ ನೀರು ಕುಡಿದು ಉಬ್ಬಿದರೇ ಸಂದು ಮುಚ್ಚೋದು."

"ನನಗೆ ಯಾರೂ ಹೇಳಲಿಲ್ಲ" ಎಂದಳು ಕಮಲಾಕ್ಷಿ.

"ಯಾರು ಹೇಳ್ತಾರೆ? ಎಲ್ಲರಿಗೂ ಗೊತ್ತಿರೋದೇ." ಸರಸ್ವತಿಬೆನ್ ಬೈಯಲು ಹೇಳಲಿಲ್ಲ, ಇದ್ದದ್ದನ್ನು ಹೇಳಿದರು. ಅದೇ ಹೆಚ್ಚು ಚುಚ್ಚಿತು.

ಆಮೇಲೆ ಒಬ್ಬರೂ ಸುಮ್ಮನೆ ನಿಲ್ಲಲಿಲ್ಲ. ಹಾಲಿನ ಡಬ್ಬಿ ಮೀರಾಬೆನ್‌ಳ ಫ್ರಿಜ್ಜಿಗೆ ಹೋಯಿತು. ಮಿಕ್ಕ ಐಸನ್ನು ಹಳೆಯ ಕಂಬಳಿಯಲ್ಲಿ ಸುತ್ತಿ ನೀರಿನ ಟ್ಯಾಂಕಿನ ನೆರಳಿಗೆ ಸರಿಸಿದರು. ಬಕೀಟನ್ನು ಬಟ್ಟೆ ಒಗೆಯುವ ತೊಟ್ಟಿಯಲ್ಲಿ ಮುಳುಗಿಸಿ, ಮೇಲೇಳದಂತೆ ಒಳಗೆ ಇಟ್ಟಿಗೆ ಇಟ್ಟರು. ನಿತಿನ್‌ಭಾಯ್ ಬೇಸರಪಟ್ಟುಕೊಳ್ಳದೆ ಇನ್ನೊಂದು ಚೀಲ ಐಸಿಗೆ ಸ್ಕೂಟರ್ ಒದ್ದ. ಎರಡೂವರೆ ತಾಸು ಕಾದರು. ಮಕ್ಕಳು ಐದು ನಿಮಿಷಕ್ಕೊಮ್ಮೆ ತೊಟ್ಟಿಯೊಳಗೆ ಇಣುಕಿ, "ಉಬ್ಬಿತಾ?" ಎಂದು ಕೇಳಿ ಬೈಸಿಕೊಂಡರು. ಬಿಸಿಲು ಇಳಿಯುವ ಹೊತ್ತಿಗೆ ಸಂದುಗಳು ಕೂದಲೆಳೆಯಷ್ಟಾದವು. ಉಳಿದದ್ದಕ್ಕೆ ಸರಸ್ವತಿಬೆನ್ ಚಪಾತಿ ಹಿಟ್ಟು ತರಿಸಿ ಹೆಬ್ಬೆರಳಿನಿಂದ ಒತ್ತಿ ಮೆತ್ತಿದರು. ಈ ಸಲ ಉಪ್ಪುನೀರು ಮೇಲಿನ ಒಂದೇ ತೂತಿನಿಂದ, ಹೋಗಬೇಕಾದ ಕಡೆಯಿಂದಲೇ, ತೊಟತೊಟ ಹೋಯಿತು.

"ಹಚ್ಚು ಕೈ, ನಿನ್ನದೇ ಮೊದಲು" ಎಂದಳು ಮೀರಾಬೆನ್.

ಕಮಲಾಕ್ಷಿ ಸೆರಗು ಸಿಕ್ಕಿಸಿ ಕುಕ್ಕರಗಾಲಲ್ಲಿ ಕೂತು ಹಿಡಿಕೆ ಹಿಡಿದಳು. ಮೊದಲು ಹಗುರಾಗಿ ತಿರುಗಿತು. ಒಳಗೆ ಹಾಲು ಗುಳುಗುಳು ಎನ್ನುತ್ತಿತ್ತು, ಐಸು ಕಟಕಟ ಕಡಿಯುತ್ತಿತ್ತು. ಸುತ್ತ ಆರೂ ಮನೆಯವರು ನಿಂತಿದ್ದರು. ನಾಲ್ಕು ವರ್ಷ ಇದಕ್ಕಾಗಿ ಕಾದಿದ್ದೆನಲ್ಲ ಎನಿಸಿ ಅವಳಿಗೆ ಸುಖವಾಯಿತು, ಯಾರಿಗೂ ಹೇಳಿಕೊಳ್ಳಲಾಗದಂಥ ಸುಖ.

ಮೀರಾಬೆನ್ ಪಕ್ಕದಲ್ಲಿ ಕೂತು ಉಪ್ಪು ಉದುರಿಸುತ್ತ ಕೀಟಲೆ ಮಾಡಿದಳು. "ಮುಂದಿನ ವರ್ಷ ನನ್ನ ಪಾಳಿ. ಆದರೂ ಬಕೀಟು ನೆನೆಸೋ ಕೆಲಸ ಕಮಲಾಬೆನ್‌ದೇ, ಶಿಕ್ಷೆ! ಇನ್ನು ಸಾಯೋ ತನಕ ಮರೆಯಲ್ಲ ನೀನು."

ಎಲ್ಲರೂ ನಕ್ಕರು. ಕಮಲಾಕ್ಷಿಯೂ ನಗಲು ಹೋದಳು, ಆಗಲಿಲ್ಲ. ಆಮೇಲೆ ಹೇಳೋಣ ಎಂದು ಹದಿನೈದು ದಿನ ನುಂಗಿಕೊಂಡಿದ್ದ ಮಾತು, ಇಷ್ಟು ನಂಬಿಕೆಯ ಮುಂದೆ ಒಳಗೆ ನಿಲ್ಲದೆ ಹೋಯಿತು. ತಿರುಗಿಸುತ್ತಲೇ ಹೇಳಿದಳು: "ಮುಂದಿನ ವರ್ಷ ನಾವು ಇರಲ್ಲ, ಮೀರಾಬೆನ್. ಹುಬ್ಬಳ್ಳಿಗೆ ಟ್ರಾನ್ಸ್‌ಫರ್ ಆಗಿದೆ. ಬರೋ ಭಾನುವಾರ ಹೊರಡ್ತೀವಿ."

ಗೋಡೆಗೊರಗಿ ನಿಂತಿದ್ದ ಹನುಮಂತ ತನ್ನ ಚಪ್ಪಲಿ ನೋಡಿಕೊಂಡ.

"ಯಾವಾಗ ಗೊತ್ತಾಯಿತು?" ಮೀರಾಬೆನ್ ಕೇಳಿದಳು.

"ಹದಿನೈದು ದಿನ ಆಯಿತು."

ಮೀರಾಬೆನ್ ಮೆಲ್ಲಗೆ, ಬಹಳ ಮರ್ಯಾದೆಯಿಂದ, ಅವಳ ಕೈಯಿಂದ ಹಿಡಿಕೆ ಬಿಡಿಸಿಕೊಂಡಳು. "ಬಿಡಿ, ನಾನು ತಿರುಗಿಸ್ತೀನಿ. ನೀವು ದಣಿದಿದ್ದೀರಿ" ಎಂದಳು. ನೀನು ಹೋಗಿ ನೀವು ಬಂದಿತ್ತು. ನಿತಿನ್‌ಭಾಯ್ ಓಡಿಹೋಗಿ ಕೆಳಗಿನಿಂದ ಕುರ್ಚಿ ತಂದ. ಕೆಂಪು ಪ್ಲಾಸ್ಟಿಕ್ಕಿನ ಅದೇ ಕುರ್ಚಿ. ಧೂಳು ಕೂಡ ಒರೆಸಿ ಇಟ್ಟ.

ಬೇಡವೆಂದು ಜಗಳವಾಡುವುದು ಹೇಗೆ? ಕಮಲಾಕ್ಷಿ ಕೂತಳು. ಪೂರ್ವಿ ಬಂದು ಅವಳ ಮೊಣಕಾಲಿಗೆ ಆತುಕೊಂಡಳು. ಸುಳ್ಳು ಹೇಳಿದ್ದರೆ ಇನ್ನೂ ಕಾಲು ಗಂಟೆ ಹಿಡಿಕೆ ತನ್ನ ಕೈಯಲ್ಲಿರುತ್ತಿತ್ತು ಎಂದುಕೊಂಡಳು. ಹಾಗೆಂದುಕೊಂಡದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು. ಎದುರಿಗೆ ಹಿಡಿಕೆ ಕೈಯಿಂದ ಕೈಗೆ ಹೋಗುತ್ತಿತ್ತು. ಯಾರೂ ನಗುತ್ತಿರಲಿಲ್ಲ, ಯಾರೂ ಇವಳ ಮುಖ ನೋಡುತ್ತಿರಲಿಲ್ಲ.

ಹಾಲು ಗಟ್ಟಿಯಾಗತೊಡಗಿತು. ಹಿಡಿಕೆ ಬಿಗಿಯಾಯಿತು. ನಿತಿನ್‌ಭಾಯ್ ಎರಡೂ ಕೈಯಲ್ಲಿ ಎಳೆದರೆ ಸಂಚೋವೇ ನೆಲ ಬಿಟ್ಟು ಕುಪ್ಪಳಿಸುತ್ತಿತ್ತು. ಇಂಥ ಹೊತ್ತಲ್ಲಿ ಗೋಣಿಚೀಲ ಮಡಿಸಿ ಮೇಲಿಟ್ಟು ಒಬ್ಬರು ಕೂರಬೇಕು. ಪ್ರತಿ ವರ್ಷ ಕೂರುತ್ತಿದ್ದವರು ಸರಸ್ವತಿಬೆನ್. ಅದು ಅವರ ಜಾಗ, ಇನ್ನೊಬ್ಬರು ಕೇಳಿದ್ದೂ ಇಲ್ಲ.

ಸರಸ್ವತಿಬೆನ್ ಚೀಲ ಮಡಿಸಿ ಸಂಚೋದ ಮೇಲಿಟ್ಟರು. ಕೂರಲಿಲ್ಲ. ಸೊಂಟದ ಮೇಲೆ ಕೈಯಿಟ್ಟು ಕುರ್ಚಿಯತ್ತ ತಿರುಗಿದರು.

"ಏ ಕಮಲಾ, ಬಾ ಇಲ್ಲಿ. ಬೇಸ್, ಕೂತ್ಕೋ."

"ಕೂತಿದ್ದೀನಲ್ಲ, ಸರಸ್ವತಿಬೆನ್."

"ಅಲ್ಲಿ ಅಲ್ಲ." ಮುದುಕಿ ಚೀಲವನ್ನು ಅಂಗೈಯಿಂದ ಬಡಿದರು. "ಬಕೀಟು ಒಣಗಿಸಿ ನಮ್ಮನ್ನ ಸಂಜೆವರೆಗೂ ಕಾಯಿಸಿದವಳಿಗೆ ಕುರ್ಚಿ ಬೇರೆ ಕೇಡು! ನನಗೆ ಮಂಡಿ ನೋವು. ಇವತ್ತು ನೀನು ಕೂತ್ಕೋ."

ಕಮಲಾಕ್ಷಿ ಎದ್ದು ಹೋಗಿ ಕೂತಳು. ಗೋಣಿಯನ್ನೂ ಸೀರೆಯನ್ನೂ ದಾಟಿ ಐಸಿನ ಚಳಿ ಒಮ್ಮೆಲೇ ಏರಿತು. "ಹೂಂ, ಅಲ್ಲಾಡಬೇಡ" ಎಂದು ಗದರಿದಳು ಮೀರಾಬೆನ್, ನಿತಿನ್‌ಭಾಯ್‌ನ ಕೈಯಿಂದ ಹಿಡಿಕೆ ಕಿತ್ತುಕೊಳ್ಳುತ್ತ. ಅವಳ ಕಣ್ಣು ಕೆಂಪಾಗಿತ್ತು. ಹಿಡಿಕೆ ಒಂದು ಸುತ್ತು ತಿರುಗಿತು, ಇನ್ನೊಂದು ಸುತ್ತು. ಸಂಚೋ ಅಲುಗಲಿಲ್ಲ. ತೂತಿನಿಂದ ಉಪ್ಪುನೀರು ಹನಿಹನಿಯಾಗಿ ಕಮಲಾಕ್ಷಿಯ ಸೀರೆಯ ಅಂಚಿನ ಮೇಲೆ ಬೀಳುತ್ತಿತ್ತು. ಅವಳು ಕಾಲು ಸರಿಸಿಕೊಳ್ಳಲಿಲ್ಲ.